ಬಣ್ಣ ನೋಡಿ ಮರ ಕೊಳ್ಬೇಡಿ

ಭಾಗ 1
ಫೋಟೋದಲ್ಲಿರೋ ಎರಡು ತುಂಡು ನೋಡಿ. ಒಂದು ಒಣಹುಲ್ಲಿನ ಬಣ್ಣ, ಇನ್ನೊಂದು ಕಡುಕಂದು. ಬೇರೆ ಬೇರೆ ಮರ ಅಂದ್ಕೊಂಡ್ರಾ? ಎರಡೂ ಒಂದೇ ಹಲಗೆ. ಒಂದಕ್ಕೆ ಸ್ಟೇನ್ ಹಚ್ಚಿ ಮೇಲೆ ವಾರ್ನಿಷ್ ಎಳೆದಿದ್ದಾರೆ, ಅಷ್ಟೇ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಅಕ್ಕನ ಮದುವೆಗೆ ಮಂಚ ಕೊಂಡಾಗ ಅಂಗಡಿಯವರು "ಬೀಟೆ ಸಾರ್" ಅಂದ್ರು. ಬಣ್ಣ ಕಪ್ಪುಗಂದು, ಮುಖ ಕಾಣೋ ಹೊಳಪು. ಅಪ್ಪ ಚೌಕಾಸಿ ಕೂಡ ಮಾಡ್ಲಿಲ್ಲ. ಎರಡನೇ ವರ್ಷ ಮಂಚದ ಕೆಳಗೆ ಹಿಟ್ಟಿನ ಥರ ಪುಡಿ ಬೀಳೋಕೆ ಶುರುವಾಯ್ತು. ಬಡಗಿ ಬಂದು ಕಾಲಿನ ತುದಿಯಲ್ಲಿ ಉಳಿ ಇಟ್ಟು ಚೂರು ಕೆತ್ತಿದ್ರು. ಒಳಗೆ ಬೆಳ್ಳಗೆ. "ಇದು ಬೀಟೆ ಅಲ್ಲಮ್ಮ, ಬೀಟೆ ಬಣ್ಣ" ಅಂದ್ರು. ಬಿಲ್ ತೆಗೆದು ನೋಡಿದ್ರೆ ಅದರಲ್ಲಿದ್ದದ್ದು ಇಷ್ಟೇ: ಮಂಚ, 1.

ಭಾಗ 2
ಬಣ್ಣ ಹೇಗೆ ಬದಲಾಗುತ್ತೆ? ಮನೇಲಿರೋ ಪಾಲಿಶ್ ಇಲ್ಲದ ಮರದ ಮೇಲೆ ಒದ್ದೆ ಬಟ್ಟೆ ಒರೆಸಿ ನೋಡಿ. ತಕ್ಷಣ ಬಣ್ಣ ಗಾಢವಾಗುತ್ತೆ. ಒಣ ಮರದ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಇರುತ್ತೆ. ಬೆಳಕು ಅಲ್ಲಿ ಚದುರಿ ಮರ ಮಂಕಾಗಿ, ಬಿಳಿಚಿಕೊಂಡ ಹಾಗೆ ಕಾಣುತ್ತೆ. ಆ ಜಾಗಕ್ಕೆ ನೀರೋ ಎಣ್ಣೆಯೋ ವಾರ್ನಿಷೋ ತುಂಬಿದರೆ ಚದುರೋದು ಕಡಿಮೆಯಾಗಿ ಮರದ ಸ್ವಂತ ಬಣ್ಣ ಎದ್ದು ಬರುತ್ತೆ. ಬಣ್ಣವಿಲ್ಲದ ವಾರ್ನಿಷ್ ಹಚ್ಚಿದರೆ ಮರ ಹೇಗೆ ಕಾಣುತ್ತೆ ಅನ್ನೋದಕ್ಕೆ ಈ ಒದ್ದೆ ಬಟ್ಟೆಯೇ ಸ್ಯಾಂಪಲ್.

ಎಣ್ಣೆ ಆಧಾರಿತ ವಾರ್ನಿಷ್ ಜೇನಿನ ಛಾಯೆ ಕೊಡುತ್ತೆ, ವರ್ಷ ಕಳೆದಂತೆ ಇನ್ನಷ್ಟು ಹಳದಿಯಾಗುತ್ತೆ. ನೀರು ಆಧಾರಿತದ್ದು ಬಹುತೇಕ ತಿಳಿಯಾಗೇ ಉಳಿಯುತ್ತೆ. ಇವೆರಡೂ ಮರವನ್ನ ತೋರಿಸ್ತವೆ. ದಪ್ಪ ಸ್ಟೇನ್ ಹಾಗಲ್ಲ, ಮರವನ್ನ ಮುಚ್ಚಿಬಿಡುತ್ತೆ. ಹುಳ ಬೇಗ ಹತ್ತೋ ಹೊರಭಾಗದ ಬಿಳಿ ಮರಕ್ಕೂ ಒಳಗಿನ ಗಟ್ಟಿ ಚೇಗಿಗೂ ವ್ಯತ್ಯಾಸವೇ ಕಾಣದ ಹಾಗೆ ಮಾಡುತ್ತೆ.

ಭಾಗ 3
ಬಣ್ಣ ಹಚ್ಚದೇನೂ ಮರ ಕಪ್ಪಾಗುತ್ತೆ, ಶಾಖದಿಂದ. ಫಿನ್ಲೆಂಡ್‌ನಲ್ಲಿ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದೆ: ಮರ ಹೊತ್ತಿಕೊಳ್ಳದ ಹಾಗೆ ಹಬೆ ತುಂಬಿದ ಕೋಣೆಯಲ್ಲಿ ಸುಮಾರು 180ರಿಂದ 215 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸ್ತಾರೆ. ಮರದೊಳಗಿನ ಹೆಮಿಸೆಲ್ಯುಲೋಸ್ ಒಡೆದು, ಬೆಳ್ಳಗಿನ ಪೈನ್ ಕೂಡ ಕಂದಾಗುತ್ತೆ. ಈ ಬಣ್ಣ ಮೇಲ್ಮೈಯಲ್ಲಿ ಮಾತ್ರ ಅಲ್ಲ, ಕೊಯ್ದರೂ ಒಳಗೆ ಕಂದೇ. ಇಂಥ ಮರ ನೀರು ಕಡಿಮೆ ಕುಡಿಯುತ್ತೆ, ಮಳೆಗಾಲದಲ್ಲಿ ಉಬ್ಬೋದು ಕಡಿಮೆ. ಆದರೆ ಬಲ ತಗ್ಗುತ್ತೆ, ಸ್ವಲ್ಪ ಪೆಡಸಾಗುತ್ತೆ. ಬಿಸಿಲಿಗೆ ಹಾಗೇ ಬಿಟ್ಟರೆ ಆ ಕಂದು ಬಣ್ಣವೂ ಬೂದಿಯಾಗುತ್ತೆ. ಕಪ್ಪಾಗಿದೆ ಅಂದ ಮಾತ್ರಕ್ಕೆ ಗಟ್ಟಿ ಅಂತ ಲೆಕ್ಕ ಹಾಕೋ ಹಾಗಿಲ್ಲ.

ಶಾಖ, ಬಣ್ಣ ಎರಡೂ ಸೇರೋ ಕೆಲಸ ನಮ್ಮ ಚನ್ನಪಟ್ಟಣದಲ್ಲೇ ಇದೆ. ಲೇತ್ ಮೇಲೆ ಗಿರ್ರನೆ ತಿರುಗೋ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತೆ. ಆ ಕೆಂಪು ಗೊಂಬೆ ನೋಡಿ ಯಾರೂ ಇದು ರಕ್ತಚಂದನ ಅನ್ನಲ್ಲ. ಅಲ್ಲಿ ಬಣ್ಣ ಬಣ್ಣವಾಗೇ ಮಾರಾಟವಾಗುತ್ತೆ.

ಭಾಗ 4
"ಹಾಗಾದ್ರೆ ಸ್ಟೇನ್ ಮಾಡೋದೇ ಮೋಸ ಬಿಡು" ಅಂತ ಕ್ಲಾಸಲ್ಲಿ ಒಬ್ಬ ಅಂದ. ನಾನು ಒಪ್ಪಲ್ಲ. ಬೀಟೆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಡಿ 2017ರಿಂದ ನಿಯಂತ್ರಣ ಇದೆ. ಎಲ್ಲರಿಗೂ ನಿಜವಾದ ಬೀಟೆ ಮಂಚವೇ ಬೇಕು ಅಂದ್ರೆ ಕಾಡಲ್ಲಿ ಏನು ಉಳಿಯುತ್ತೆ? ರಬ್ಬರ್ ಮರಕ್ಕೆ ಸರಿಯಾಗಿ ರಾಸಾಯನಿಕ ಉಪಚಾರ ಮಾಡಿ, ಕಂದು ಬಣ್ಣ ಹಚ್ಚಿ, "ಇದು ರಬ್ಬರ್ ಮರ" ಅಂತ ಹೇಳಿ ಮಾರಿದರೆ ಅದು ಒಳ್ಳೇ ವ್ಯಾಪಾರ. ನಮ್ಮಪ್ಪ ಅದನ್ನೂ ಖುಷಿಯಾಗಿ ಕೊಳ್ತಿದ್ರು, ಅದರ ಬೆಲೆಗೆ. ತಪ್ಪು ಡಬ್ಬಿಯೊಳಗಿನ ಬಣ್ಣದ್ದಲ್ಲ, ಮುಚ್ಚಿಟ್ಟ ಹೆಸರಿನದ್ದು.

ನಮ್ಮ ತಪ್ಪೂ ಇದೆ. ಕಪ್ಪಗಿದ್ದರೆ ಗಟ್ಟಿ, ಹೊಳೆದರೆ ಬೆಲೆಯುಳ್ಳದ್ದು ಅಂತ ನಾವೇ ನಂಬಿದ್ದೀವಿ. ಹೊಸದಾಗಿ ಕೊಯ್ದ ಹಲಸು ಹಳದಿ ಇರುತ್ತೆ, ಬೆಳಕು ಕಂಡು ಕಂಡು ಕಂದಾಗುತ್ತೆ. ಆ ಹಳದಿ ನೋಡಿ ಮೂಗು ಮುರಿಯೋರು ನಾವೇ.

ಭಾಗ 5
ಬಿಕಾಂ ಓದೋನು, ಬಿಲ್ ಬಗ್ಗೆ ಹೇಳದೆ ಇರಲ್ಲ.

1. ಮುಂಭಾಗ ಬಿಡಿ; ಮಂಚದ ಅಡಿ, ಡ್ರಾಯರ್ ಹಿಂಭಾಗ, ಪಾಲಿಶ್ ತಾಗದ ಜಾಗ ನೋಡಿ.
2. ಕಾಣದ ಮೂಲೆಯಲ್ಲಿ ಚೂರು ಕೆರೆದು ತೋರಿಸಿ ಅಂತ ಕೇಳಿ. ಬಣ್ಣ ಚರ್ಮದಷ್ಟೇ ಇದ್ದರೆ ಸ್ಟೇನ್ ಅಂತ ಗೊತ್ತಾಗುತ್ತೆ.
3. ಮರದ ಹೆಸರನ್ನ ಬಿಲ್‌ನಲ್ಲಿ ಬರೆಸಿ. "ಬೀಟೆ ಫಿನಿಶ್" ಅಂದ್ರೆ ಬೀಟೆ ಅಲ್ಲ. ಬಾಯಲ್ಲಿ ಬೀಟೆ ಅಂದವರು ಬರೆಯೋಕೆ ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳೋದೂ, ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರ ಪದ್ಧತಿ. ಆದರೆ ದೂರು ಕೊಡೋಕೆ ಕೈಯಲ್ಲಿ ಕಾಗದ ಬೇಕು. ನಮ್ಮತ್ರ "ಮಂಚ, 1" ಬಿಟ್ಟು ಬೇರೇನೂ ಇರಲಿಲ್ಲ.

ಮಂಚದ ಎರಡು ಕಾಲು ಬದಲಾಯಿಸಿದ್ದಾಯ್ತು. ಅಕ್ಕ ಈಗಲೂ ಅದರ ಮೇಲೇ ಮಲಗ್ತಾಳೆ. ಅಪ್ಪ ಅವಳ ಮನೆಗೆ ಹೋದಾಗ ಆ ರೂಮಿಗೆ ಮಾತ್ರ ಹೋಗಲ್ಲ.

ನಿಮ್ಮನೇಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಇದನ್ನ ಸೇವ್ ಮಾಡಿಕೊಂಡು ಸುಮ್ಮನಿರಬೇಡಿ, ಅಂಗಡಿಗೆ ಹೋಗೋ ಮೊದಲು ದೊಡ್ಡೋರಿಗೆ ಓದಿ ಹೇಳಿ.