ಹಳೆ ಕಂಪ್ಯೂಟರಿಗೆ ಯಾವ ಎಸ್‌ಎಸ್‌ಡಿ? ನಮ್ಮ ಶಾಲೆಗಳ ಲೆಕ್ಕವೇ ಬೇರೆ

ಏಪ್ರಿಲ್ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಎರಡು ಲೆಕ್ಕ ಶುರುವಾಗುತ್ತದೆ. ಒಂದು, ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿಯಾರು ಎಂಬ ಲೆಕ್ಕ. ಇನ್ನೊಂದು, ರಕ್ಷಕ-ಶಿಕ್ಷಕ ಸಂಘದ ಕೈಯಲ್ಲಿ ಉಳಿದ ದುಡ್ಡಿನಲ್ಲಿ ಏನೇನು ರಿಪೇರಿ ಮಾಡಿಸಬಹುದು ಎಂಬ ಲೆಕ್ಕ. ಈ ಎರಡನೆಯ ಪಟ್ಟಿಯಲ್ಲಿ ಈಗೀಗ ಬೆಂಚು, ಹಂಚು, ನೀರಿನ ಪಂಪಿನ ಜೊತೆ ಎಸ್‌ಎಸ್‌ಡಿ ಕೂಡ ಸೇರಿಕೊಂಡಿದೆ. "ಲ್ಯಾಬಿನ ಕಂಪ್ಯೂಟರುಗಳಿಗೆ ಎಸ್‌ಎಸ್‌ಡಿ ಹಾಕಿಸಬೇಕಂತೆ, ಯಾವುದು ತೆಗೆದುಕೊಳ್ಳುವುದು ಮಾಷ್ಟ್ರೇ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅಂಗಡಿಯವರು ಒಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿ ಇನ್ನೊಂದು ಹೇಳುತ್ತಾನೆ. ಹಾಗಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ. ನಮ್ಮ ಶಾಲೆಗಳ ಹಳೆ ಯಂತ್ರಗಳಿಗೆ ಅತ್ಯಂತ ವೇಗದ ಎಸ್‌ಎಸ್‌ಡಿ ಬೇಡ. ಸಾಧಾರಣ ಸಾಟಾ ಎಸ್‌ಎಸ್‌ಡಿ ಸಾಕು, ಆದರೆ ಅದು ಎಲ್ಲ ಯಂತ್ರಗಳಿಗೂ ಬೇಕು. ಒಂದು ಯಂತ್ರ ಓಡಿ ಒಂಬತ್ತು ಯಂತ್ರ ತೆವಳಿದರೆ ಆ ಲ್ಯಾಬಿನಿಂದ ಯಾರಿಗೆ ಏನು ಪ್ರಯೋಜನ?

ಹಾರ್ಡ್ ಡಿಸ್ಕ್ ಯಾಕೆ ನಿಧಾನ ಎಂಬುದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಅದರೊಳಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಆಚೀಚೆ ಓಡಾಡುವ ಸೂಜಿಯಂಥ ಕೈ ಇದೆ. ಪ್ರತಿ ಸಲ ಬೇರೆ ಜಾಗದಿಂದ ಓದಬೇಕಾದಾಗ ಆ ಕೈ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಇದಕ್ಕೆ ಹೆಚ್ಚುಕಡಿಮೆ ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಕಡಿಮೆ ಅನಿಸುತ್ತದೆ, ಅಲ್ಲವೇ? ಆದರೆ ಕಂಪ್ಯೂಟರ್ ಆನ್ ಆಗುವಾಗ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು ಓದುತ್ತದೆ. ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಓದುತ್ತ ಕೂತರೆ ಮಕ್ಕಳು ಕಾಯುತ್ತ ಕೂರಬೇಕಷ್ಟೆ. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತು ಯಾವುದೂ ಇಲ್ಲ, ಬರೀ ಚಿಪ್ಪುಗಳು. ಅದೇ ಕೆಲಸವನ್ನು ಅದು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಎಷ್ಟೇ ಸಾಧಾರಣ ಎಸ್‌ಎಸ್‌ಡಿ ಆದರೂ ಹಾರ್ಡ್ ಡಿಸ್ಕಿನಿಂದ ಅದಕ್ಕೆ ಬಂದರೆ ದೊಡ್ಡ ಜಿಗಿತ. ಅಲ್ಲಿಂದ ಮುಂದಿನ ಜಿಗಿತಗಳೆಲ್ಲ ಸಣ್ಣವು.

ಈಗ ಬಗೆಗಳ ವಿಷಯ. ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಮೂರು. ಮೊದಲನೆಯದು, ಎರಡೂವರೆ ಇಂಚಿನ ಚಪ್ಪಟೆ ಪೆಟ್ಟಿಗೆಯಂಥ ಸಾಟಾ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿಗೆ ಚುಚ್ಚುವ ಅದೇ ವಯರು ಇದಕ್ಕೂ ಆಗುತ್ತದೆ. ಎರಡನೆಯದು ಎಂ.2 ಆಕಾರದ, ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಸಾಟಾ ಎಸ್‌ಎಸ್‌ಡಿ. ಮೂರನೆಯದು ಅದೇ ಪಟ್ಟಿಯ ಆಕಾರದಲ್ಲೇ ಬರುವ ಎನ್‌ವಿಎಂಇ. ಸಾಟಾದ ವೇಗ ಹೆಚ್ಚೆಂದರೆ ಸೆಕೆಂಡಿಗೆ 550 ಎಂಬಿ. ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದು 3500 ಎಂಬಿಯವರೆಗೆ, ನಾಲ್ಕನೆಯದು 7000 ಎಂಬಿಯವರೆಗೆ ಹೋಗುತ್ತದೆ. ಈ ಅಂಕೆಗಳನ್ನು ನೋಡಿದ ಯಾರಿಗೇ ಆದರೂ "ಹತ್ತು ಪಾಲು ವೇಗ ಬಿಟ್ಟು ಹಳೆಯದನ್ನು ಯಾಕೆ ಕೊಳ್ಳಬೇಕು" ಅನಿಸುವುದು ಸಹಜ.

ಆದರೆ ಆ ದೊಡ್ಡ ಅಂಕೆಗಳೆಲ್ಲ ಒಂದೇ ಉದ್ದದ ದೊಡ್ಡ ಕಡತವನ್ನು ಓದುವಾಗಿನವು. ಸಣ್ಣ ಕಡತಗಳನ್ನು ಒಂದೊಂದಾಗಿ ಓದುವಾಗ ಎರಡರ ನಡುವಿನ ಅಂತರ ತೀರಾ ಕಿರಿದಾಗುತ್ತದೆ. ನಮ್ಮ ಮಕ್ಕಳು ಲ್ಯಾಬಿನಲ್ಲಿ ಮಾಡುವುದೇನು? ಲಿಬ್ರೆ ಆಫೀಸಿನಲ್ಲಿ ಬರೆಯುತ್ತಾರೆ, ಜಿಂಪಿನಲ್ಲಿ ಚಿತ್ರ ತಿದ್ದುತ್ತಾರೆ, ಸ್ಕ್ರ್ಯಾಚಿನಲ್ಲಿ ಬೆಕ್ಕನ್ನು ಓಡಿಸುತ್ತಾರೆ, ಜಿಯೋಜೀಬ್ರಾದಲ್ಲಿ ವೃತ್ತ ಎಳೆಯುತ್ತಾರೆ. ಇದಕ್ಕೆ 7000 ಎಂಬಿ ಯಾಕೆ? ಇರುವೆ ದಾಟಲು ಸೇತುವೆ ಕಟ್ಟಿದ ಹಾಗೆ!

ಇನ್ನೊಂದು ಮಾತು. ಎನ್‌ವಿಎಂಇ ಹಾಕಲು ಯಂತ್ರದಲ್ಲಿ ಜಾಗವಾದರೂ ಇರಬೇಕಲ್ಲ? 2011ರಿಂದ 2013ರ ಕಾಲದ, ಅಂದರೆ ಇಂಟೆಲ್‌ನ ಎರಡನೇ, ಮೂರನೇ ತಲೆಮಾರಿನ ಡೆಸ್ಕ್‌ಟಾಪುಗಳಲ್ಲಿ ಎಂ.2 ಗೂಡೇ ಇರುವುದಿಲ್ಲ. ಅಡಾಪ್ಟರ್ ಕಾರ್ಡು ಹಾಕಿ ಕೂರಿಸಬಹುದು ಎನ್ನುವವರಿದ್ದಾರೆ. ಕೂರಿಸಬಹುದು, ಆದರೆ ಅಷ್ಟು ಹಳೆಯ ಬೋರ್ಡುಗಳ ಬಯಾಸ್ ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗಲು ಒಪ್ಪುವುದಿಲ್ಲ. ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಂತೂ ಚಿಪ್‌ಸೆಟ್ಟಿನ ಸಾಟಾ ಕೂಡ ಹಳೆ ವೇಗದ್ದು, ಸೆಕೆಂಡಿಗೆ 300 ಎಂಬಿ ದಾಟುವುದಿಲ್ಲ. ಹಾಗಿದ್ದರೂ ಅಲ್ಲಿ ಎಸ್‌ಎಸ್‌ಡಿ ಹಾಕುವುದು ದಂಡವಲ್ಲ, ಸಣ್ಣ ಕಡತಗಳ ಕಾಯುವಿಕೆ ತಪ್ಪಿದರೆ ಮುಕ್ಕಾಲು ಪಾಲು ಸಂಕಟ ಕಳೆದಂತೆ.

ಹೊಸ ಲ್ಯಾಪ್‌ಟಾಪುಗಳ ಮಾತು ಬೇರೆ. ಅವುಗಳಲ್ಲಿ ಎಂ.2 ಗೂಡು ಮಾತ್ರ ಇರುವುದು ಸಾಮಾನ್ಯ. ಅಂಥವಕ್ಕೆ ಎನ್‌ವಿಎಂಇಯನ್ನೇ ಹಾಕಿ, ಬೆಲೆಯಲ್ಲೂ ಈಗ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಒಂದು ಎಚ್ಚರಿಕೆ: ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ಸಾಟಾ ಮಾತ್ರ ಒಪ್ಪುವ ಗೂಡಿಗೆ ಎನ್‌ವಿಎಂಇ ಹಾಕಿದರೆ ಕಂಪ್ಯೂಟರಿಗೆ ಅದು ಕಾಣಿಸುವುದೇ ಇಲ್ಲ. ಪಟ್ಟಿಯ ತುದಿಯಲ್ಲಿ ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೆ ಕಚ್ಚು ನೋಡಿ ಮಾತ್ರ ತೀರ್ಮಾನಿಸಬೇಡಿ, ಯಂತ್ರದ ಮಾದರಿ ಸಂಖ್ಯೆ ಬರೆದುಕೊಂಡು ಅದರ ಕೈಪಿಡಿ ನೋಡಿಯೇ ಅಂಗಡಿಗೆ ಹೋಗಿ. ಮಂಗಳೂರಿಗೆ ಎರಡೆರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ.

ಇನ್ನು ಚಿಪ್ಪುಗಳ ಒಳಗಿನ ವಿಷಯ. ಒಂದು ಕೋಶದಲ್ಲಿ ಮೂರು ಬಿಟ್ ತುಂಬಿಸುವುದು ಟಿಎಲ್‌ಸಿ, ನಾಲ್ಕು ಬಿಟ್ ತುಂಬಿಸುವುದು ಕ್ಯೂಎಲ್‌ಸಿ. ಸಣ್ಣ ಚೀಲಕ್ಕೆ ಹೆಚ್ಚು ತುರುಕಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಕ್ಯೂಎಲ್‌ಸಿ ಅಗ್ಗ, ಆದರೆ ಬೇಗ ಸವೆಯುತ್ತದೆ. ದೊಡ್ಡ ಕಡತ ಬರೆಯುವಾಗ ಅದರ ವೇಗದ ಭಾಗ ತುಂಬಿಹೋದರೆ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುವುದುಂಟು. ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ಟಿಎಲ್‌ಸಿಯನ್ನೇ ಆರಿಸಿ. ಕೆಲವು ಎಸ್‌ಎಸ್‌ಡಿಗಳಲ್ಲಿ ಡಿರ‍್ಯಾಮ್ ಎಂಬ ಪ್ರತ್ಯೇಕ ಚಿಪ್ಪು ಇರುತ್ತದೆ, ಯಾವ ಮಾಹಿತಿ ಎಲ್ಲಿದೆ ಎಂಬ ಹಾಜರಿ ಪುಸ್ತಕವನ್ನು ಅದರಲ್ಲಿ ಇಡುತ್ತಾರೆ. ಮಕ್ಕಳ ಯಂತ್ರಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ. ವಾರ್ಷಿಕೋತ್ಸವದ ವೀಡಿಯೊ ಎಡಿಟ್ ಮಾಡುವ ಒಂದು ಯಂತ್ರವಿದ್ದರೆ ಅದಕ್ಕೆ ಮಾತ್ರ ಡಿರ‍್ಯಾಮ್ ಇರುವುದನ್ನು ಕೊಳ್ಳಿ.

"ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದಂತೆ, ಎಷ್ಟು ದಿನ ಬಂದೀತು?" ಎಂಬ ಹೆದರಿಕೆ ಹಲವರಿಗಿದೆ. ಲೆಕ್ಕ ಹಾಕಿ ನೋಡೋಣ. 240 ಜಿಬಿಯ ಸಾಧಾರಣ ಎಸ್‌ಎಸ್‌ಡಿಗೆ, ಉದಾಹರಣೆಗೆ ಕಿಂಗ್‌ಸ್ಟನ್ ಎ400ಕ್ಕೆ, ಕಂಪನಿ ಕೊಟ್ಟ ಬರಹದ ಮಿತಿ 80 ಟಿಬಿ. ದಿನಕ್ಕೆ 20 ಜಿಬಿ ಬರೆದರೂ (ಲ್ಯಾಬಿನ ಯಂತ್ರ ಅಷ್ಟು ಬರೆಯುವುದು ಅಪರೂಪ) 4000 ದಿನ ಆಯಿತು. ವರ್ಷಕ್ಕೆ 200 ಕೆಲಸದ ದಿನ ಎಂದರೆ 20 ವರ್ಷ! ಅಷ್ಟರೊಳಗೆ ಉಳಿದ ಭಾಗಗಳೇ ಕೈಕೊಟ್ಟಿರುತ್ತವೆ. ಗಾತ್ರ 240 ಅಥವಾ 256 ಜಿಬಿ ಇರಲಿ. 120ರಲ್ಲಿ ಗ್ನು/ಲಿನಕ್ಸ್ ಆರಾಮವಾಗಿ ಹಿಡಿಸುತ್ತದೆ ನಿಜ, ಆದರೆ ಅದರ ಬಾಳಿಕೆಯ ಮಿತಿಯೂ ಅರ್ಧ, ಉಳಿಯುವ ದುಡ್ಡು ಮಾತ್ರ ಅರ್ಧವಲ್ಲ.

ಅಗ್ಗ ಎಂದಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಹೆಸರು ಕೇಳದ ಕಂಪನಿಯ 2 ಟಿಬಿ ಡಿಸ್ಕು ಸಾವಿರ ರೂಪಾಯಿಗೆ ಸಿಗುತ್ತದೆಂದರೆ ಅದು ಮೋಸ. ಒಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು, ದೊಡ್ಡ ಗಾತ್ರ ತೋರಿಸುವಂತೆ ಮಾಡಿರುತ್ತಾರೆ. ತುಂಬಿದ ಮೇಲೆ ಹೊಸ ಕಡತ ಬರೆದಂತೆ ಕಾಣುತ್ತದೆ, ಆದರೆ ಉಳಿಯುವುದಿಲ್ಲ. ಸಂಶಯ ಬಂದರೆ ಲಿನಕ್ಸಿನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶ ಹಾಕಿ ಪರೀಕ್ಷಿಸಬಹುದು. ಬಿಲ್ಲು, ವಾರಂಟಿ ಇಲ್ಲದೆ ಶಾಲೆಗೆ ಏನನ್ನೂ ಕೊಳ್ಳಬಾರದು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿರುವುದರಿಂದ ಇಂಥ ಮೋಸದ ಆಕರ್ಷಣೆಯೂ ಹೆಚ್ಚು.

"ಇಷ್ಟೆಲ್ಲ ರಗಳೆ ಯಾಕೆ, ಹೊಸ ಕಂಪ್ಯೂಟರೇ ತೆಗೆದುಕೊಳ್ಳೋಣ" ಎಂಬ ವಾದಕ್ಕೂ ಉತ್ತರ ಕೊಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ನಿಯಮದಂತೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರಗಳು ಅನರ್ಹ. ಹಾಗಾಗಿ ಹಳೆಯದನ್ನೆಲ್ಲ ಗುಜರಿಗೆ ಹಾಕಬೇಕೆಂದು ಹೇಳುವವರಿದ್ದಾರೆ. ಆದರೆ ಕೇರಳದ ಶಾಲೆಗಳಲ್ಲಿ ನಮಗೊಂದು ಅನುಕೂಲವಿದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ಉಬುಂಟು ಆಧರಿಸಿದ ಗ್ನು/ಲಿನಕ್ಸನ್ನೇ ಶಾಲೆಗಳಿಗೆ ಕೊಡುತ್ತಾ ಬಂದಿದೆ. ಐಸಿಟಿ ಪಾಠಪುಸ್ತಕವೂ ಕನ್ನಡದಲ್ಲಿದೆ. ಆದ್ದರಿಂದ ನಮಗೆ ಬೇಕಾದ್ದು ಹೊಸ ಯಂತ್ರವಲ್ಲ, ಹಳೆ ಯಂತ್ರ ಸರಿಯಾಗಿ ಓಡುವುದು. ಒಂದು ಹೊಸ ಕಂಪ್ಯೂಟರಿನ ದುಡ್ಡಿನಲ್ಲಿ ಏಳೆಂಟು ಹಳೆ ಯಂತ್ರಗಳಿಗಾದರೂ ಎಸ್‌ಎಸ್‌ಡಿ ಬರುತ್ತದೆ. ರ‍್ಯಾಮ್ 2 ಜಿಬಿ ಮಾತ್ರ ಇರುವ ಯಂತ್ರವಾದರೆ ಅದನ್ನೂ 4 ಅಥವಾ 8ಕ್ಕೆ ಏರಿಸಿ. ಇಲ್ಲವಾದರೆ ಎಸ್‌ಎಸ್‌ಡಿಯ ಲಾಭ ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲೊಂದು ಶಿಸ್ತೂ ಬೇಕು. ಸರಕಾರದಿಂದ ಬಂದ ಯಂತ್ರಗಳು ಸ್ಟಾಕ್ ರಿಜಿಸ್ಟರಿನಲ್ಲಿವೆ. ಅವನ್ನು ನಾವೇ ಬಿಚ್ಚುವ ಹಾಗಿಲ್ಲ, ಅನುಮತಿ ಪಡೆದೇ ಮುಂದುವರಿಯಬೇಕು. ನಾವು ಹೇಳುತ್ತಿರುವುದು ಸಂಘದವರು, ಹಳೆ ವಿದ್ಯಾರ್ಥಿಗಳು, ದಾನಿಗಳು ಕೊಟ್ಟ ಯಂತ್ರಗಳ ಬಗ್ಗೆ ಮತ್ತು ಅಧ್ಯಾಪಕರ ಸ್ವಂತ ಯಂತ್ರಗಳ ಬಗ್ಗೆ.

ಎಸ್‌ಎಸ್‌ಡಿ ಕೊಂಡಾಗ ಎಲ್ಲರೂ ಮರೆಯುವ ಒಂದು ವಿಷಯವೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು: ಹೊರತೆಗೆದ ಹಳೆ ಹಾರ್ಡ್ ಡಿಸ್ಕ್. ಅದರೊಳಗೆ ಏನಿದೆ ಗೊತ್ತೇ? ಗಡಿಯಾಚೆಗಿನ ಕನ್ನಡ ಅಧ್ಯಾಪಕರು ವರ್ಷಗಟ್ಟಲೆ ಸ್ವತಃ ಕೂತು ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು, ಮಲಯಾಳದ ಸುತ್ತೋಲೆಗಳಿಗೆ ಮಾಡಿದ ಕನ್ನಡ ಅನುವಾದಗಳು, ಶಾಲಾ ಸ್ಮರಣ ಸಂಚಿಕೆಯ ಪುಟಗಳು, ಈಗ ನಮ್ಮೊಂದಿಗಿಲ್ಲದ ಅಧ್ಯಾಪಕರ ಫೋಟೋಗಳು. ಪೇಟೆಯಲ್ಲಿ ಇದಕ್ಕೆ ಬೆಲೆಯಿಲ್ಲ, ಬೇರೆ ಕಡೆ ಪ್ರತಿಯೂ ಇಲ್ಲ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಸಾಮಾನ್ಯವಾಗಿ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಹೋಗುವಾಗ ಸದ್ದಿಲ್ಲದೆ ಹೋಗುವುದೇ ಹೆಚ್ಚು, ಒಳಗಿದ್ದುದನ್ನು ಮರಳಿ ತೆಗೆಯುವುದೂ ಕಷ್ಟ. ಕಪಾಟಿನಲ್ಲಿ ಕರೆಂಟಿಲ್ಲದೆ ವರ್ಷಗಟ್ಟಲೆ ಇಡುವುದಕ್ಕೂ ಅದು ಹೇಳಿಸಿದ್ದಲ್ಲ. ಬಳಸಿ ಸವೆದ ಎಸ್‌ಎಸ್‌ಡಿಯು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು ಎಂಬುದೇ ಉದ್ಯಮದ ಮಾನದಂಡ. ನಮ್ಮ ಕರಾವಳಿಯ ಸೆಕೆ ಎಲ್ಲರಿಗೂ ಗೊತ್ತಿದ್ದದ್ದೇ.

ಆದ್ದರಿಂದ ಎನ್‌ವಿಎಂಇ ಬಿಟ್ಟು ಸಾಟಾ ಕೊಂಡಾಗ ಉಳಿದ ದುಡ್ಡಿನಲ್ಲಿ ಒಂದೆರಡು ಯುಎಸ್‌ಬಿ ಪೆಟ್ಟಿಗೆ ಕೊಳ್ಳಿ. ಚೆನ್ನಾಗಿರುವ ಹಳೆ ಹಾರ್ಡ್ ಡಿಸ್ಕನ್ನು ಅದರಲ್ಲಿ ಕೂರಿಸಿ, ಶಾಲೆಯ ಕನ್ನಡ ಕಡತಗಳೆಲ್ಲದರ ಪ್ರತಿ ಅದರಲ್ಲಿರಲಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಬೇರೆಯವರ ಮನೆಯಲ್ಲಿರಲಿ. ಹಳೆ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದ ಕಡತಗಳು ಲಿನಕ್ಸಿನಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳಂತೆ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನೂ ಇದೇ ನೆಪದಲ್ಲಿ ಮುಗಿಸಬಹುದು. ಮಕ್ಕಳೇ ಮಾಡಿಯಾರು, ಲಿಟಲ್ ಕೈಟ್ಸ್‌ನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟು ಉದ್ದ ಬರೆಯಬೇಕೇ ಎಂದು ಕೇಳಬಹುದು. ನಮ್ಮ ಶಾಲೆಗಳಲ್ಲಿ ಆರನೇ ಕೆಲಸದ ದಿನದ ಹಾಜರಿ ನೋಡಿ ಡಿವಿಷನ್ ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುತ್ತದೆ. ಮಕ್ಕಳು ಕಡಿಮೆಯಾದಷ್ಟೂ ಸಂಘದ ದುಡ್ಡು ಕಡಿಮೆ, ದುಡ್ಡು ಕಡಿಮೆಯಾದಷ್ಟೂ ಲ್ಯಾಬು ಸೊರಗುತ್ತದೆ. ಸೊರಗಿದ ಲ್ಯಾಬು ನೋಡಿದ ರಕ್ಷಕರು "ಕನ್ನಡ ಮೀಡಿಯಂ ಅಂದರೆ ಇಷ್ಟೇ" ಎಂದುಕೊಂಡು ಮಗುವಿನ ಕೈಹಿಡಿದು ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತುತ್ತಾರೆ. ಎಸ್‌ಎಸ್‌ಡಿಯೊಂದೇ ಈ ಸರಪಳಿಯನ್ನು ತುಂಡರಿಸುತ್ತದೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪೀರಿಯಡ್ ಎಂದರೆ ಮುಕ್ಕಾಲು ಗಂಟೆಯೂ ಮೀರದ ಸಮಯ. ಅದರಲ್ಲಿ ಹತ್ತು ನಿಮಿಷ ಯಂತ್ರ ಎಚ್ಚರಗೊಳ್ಳುವುದನ್ನು ಕಾಯುವುದರಲ್ಲೇ ಹೋದರೆ, ಹೋಗುವುದು ಕನ್ನಡದಲ್ಲಿ ಕಲಿಯುವ ಮಗುವಿನ ಹತ್ತು ನಿಮಿಷ. ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ಬರೆಯುವುದೂ ಅದೇ ಯಂತ್ರದ ಮುಂದೆ ಕೂತು.

ಮುಖ್ಯೋಪಾಧ್ಯಾಯರಲ್ಲಿ, ಸಂಘದ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬೇಸಗೆ ರಜೆಯಲ್ಲಿ ಒಂದು ದಿನ ಲ್ಯಾಬಿನ ಬಾಗಿಲು ತೆರೆಸಿ, ಪ್ರತಿ ಯಂತ್ರದ ಮಾದರಿ, ರ‍್ಯಾಮ್, ಡಿಸ್ಕಿನ ಬಗೆ ಒಂದು ಹಾಳೆಯಲ್ಲಿ ಬರೆಸಿ. ಎಷ್ಟು ಯಂತ್ರಗಳಿವೆಯೋ ಅಷ್ಟಕ್ಕೂ ಸಾಕಾಗುವ ಸಾಧಾರಣ ಡಿಸ್ಕು ಕೊಳ್ಳಿ, ದುಡ್ಡು ಸಾಲದಿದ್ದರೆ ಕಂತಿನಲ್ಲಿ ಕೊಳ್ಳಿ. ಹಳೆ ಡಿಸ್ಕಿನಲ್ಲಿರುವ ಕಡತಗಳ ಪ್ರತಿ ಮಾಡುವವರೆಗೆ ಒಂದನ್ನೂ ಫಾರ್ಮ್ಯಾಟ್ ಮಾಡಬೇಡಿ. ಮಳೆ ಮತ್ತು ಸಿಡಿಲು ಶುರುವಾಗುವ ಮೊದಲು ಈ ಕೆಲಸ ಮುಗಿದರೆ, ಶಾಲೆ ತೆರೆದ ದಿನವೇ ಮಕ್ಕಳು ಗುಂಡಿ ಒತ್ತಿ ಪಾಠ ಶುರು ಮಾಡಬಹುದು.