ಮನೆಯ ಮಾತು: ಅತ್ತೆಯವರ ವರ್ಧಂತಿ

ಮನೆಯಲ್ಲಿ ಮಕ್ಕಳ ವರ್ಧಂತಿಯು ಬಂದಿತೆಂದರೆ ಹದಿನೈದು ದಿನ ಮೊದಲೇ ಸಂಭ್ರಮವು ಆರಂಭವಾಗುವುದು. ಯಜಮಾನರ ವರ್ಧಂತಿಗೆ ಪಾಯಸವಾದರೂ ಆಗುವುದು. ಆದರೆ ಆ ಪಾಯಸವನ್ನು ಮಾಡಿ ಬಡಿಸುವ ಹಿರಿಯ ಹೆಂಗಸಿನ ಜನ್ಮದಿನವು ಯಾವುದೆಂಬುದು ಎಷ್ಟು ಮನೆಗಳಲ್ಲಿ ತಿಳಿದಿದೆ? ಅನ್ಯರನ್ನು ದೂಷಿಸುವುದೇಕೆ? ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷಗಳಾಗಿದ್ದರೂ ನಮ್ಮ ಅತ್ತೆಯವರ ಜನ್ಮತಿಥಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಕಳೆದ ದೀಪಾವಳಿಯಲ್ಲಿ ಹಳೆಯ ಪೆಟ್ಟಿಗೆಯನ್ನು ಒಪ್ಪಮಾಡುತ್ತಿದ್ದಾಗ ಅವರ ಜಾತಕವು ದೊರೆತು, ಪುಷ್ಯ ಶುದ್ಧ ಪಂಚಮಿಗೆ ಅವರಿಗೆ ಎಪ್ಪತ್ತು ತುಂಬುವುದೆಂದು ತಿಳಿಯಿತು.

ಛತ್ರವೊಂದನ್ನು ಗೊತ್ತುಮಾಡಿ ನೂರು ಜನಕ್ಕೆ ಊಟ ಹಾಕಿಸೋಣವೆಂದು ನಾವು ಆಲೋಚಿಸಿದೆವು. ಅತ್ತೆಯವರು ಕೇಳಿ ನಕ್ಕರು. “ನೂರು ಜನ ಬಂದರೆ ನಾನು ಅಡಿಗೆಯವರ ಹಿಂದೆಯೇ ನಿಲ್ಲಬೇಕಾಗುವುದು. ಮದುವೆಯಾಗಿ ಬಂದಂದಿನಿಂದ ಹಿತ್ತಿಲ ಬಾಗಿಲಲ್ಲಿ ನಿಂತು ಬೆಟ್ಟವನ್ನು ನೋಡಿದ್ದೇನೆ. ಒಂದು ದಿನ ಬೆಟ್ಟದ ಮೇಲಿಂದ ನಮ್ಮ ಮನೆಯನ್ನು ನೋಡಬೇಕಮ್ಮ” ಎಂದರು.

ಈ ಮಾತು ನನ್ನ ಮನಸ್ಸಿಗೆ ನಾಟಿತು. ನಾವಿರುವುದು ಚಿಕ್ಕಮಗಳೂರಿನಲ್ಲಿ, ಉತ್ತರಕ್ಕೆ ತಿರುಗಿದರೆ ಬಾಬಾಬುಡನ್‌ಗಿರಿಯ ಸಾಲು. 2022 ರಲ್ಲಿ ಅಲ್ಲಿ, ಹನ್ನೆರಡು ವರ್ಷಗಳಿಗೊಮ್ಮೆ ಅರಳುವುದೆನ್ನುವ ನೀಲಕುರಿಂಜಿಯು ಹೂಬಿಟ್ಟಾಗ ದೂರದೂರದ ಜನರು ಬಂದು ನೋಡಿದರು, ನಾವೂ ಹೋಗಿಬಂದೆವು. ಆಗ ನನ್ನ ಮಗಳು ಆರು ತಿಂಗಳ ಕೂಸು. ಕೂಸಿನೊಡನೆ ಮನೆಯಲ್ಲಿ ಉಳಿದವರು ಅತ್ತೆಯವರು. “ನೀವು ಹೋಗಿಬನ್ನಿ. ನನಗೇನು, ದಿನವೂ ಕಾಣುವ ಬೆಟ್ಟ” ಎಂದಿದ್ದರು. ನಮಗೆ ಅನುಕೂಲವಾದ ಮಾತಾದ್ದರಿಂದ ಅದನ್ನು ನಿಜವೆಂದೇ ನಂಬಿದ್ದೆವು.

ಗಿರಿಗೆ ಹೋಗುವವರು 2025 ರಿಂದ ಮುಂಗಡವಾಗಿ ತಮ್ಮ ವಾಹನವನ್ನು ನೋಂದಾಯಿಸಬೇಕಾಗಿದೆ. ಆ ಕೆಲಸವನ್ನು ಮುಗಿಸಿ, ಪಂಚಮಿಯ ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಹೊರಟೆವು. ಘಟ್ಟದ ದಾರಿಗೆ ಹೊಟ್ಟೆ ತುಂಬ ತಿಂದು ಹೊರಡಬಾರದೆಂದು ಎರಡೆರಡು ಇಡ್ಡಲಿ ಮಾತ್ರ. ಯಾವಾಗಲೂ ಹಿಂದೆ ಮಕ್ಕಳ ನಡುವೆ ಕೂರುವ ಅತ್ತೆಯವರನ್ನು ಬಲವಂತದಿಂದ ಮುಂದಿನ ಆಸನದಲ್ಲಿ ಕೂರಿಸಿದೆವು.

ಕೈಮರವನ್ನು ದಾಟಿದ ಮೇಲೆ ಏರು ಮೊದಲಾಯಿತು. ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು. ಅರೇಬಿಕಾ ಹಣ್ಣು ಕೆಂಪಾಗಿ ಕೊಯ್ಲು ನಡೆದಿತ್ತು. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಬಿಡಿಸುತ್ತಿದ್ದರು. ಅತ್ತೆಯವರು ಮೊಮ್ಮಕ್ಕಳಿಗೆ ಊರಿನ ಕಥೆಯನ್ನು ಹೇಳಿದರು: ಸಕರಾಯಪಟ್ಟಣದ ರುಕ್ಮಾಂಗದರಾಯನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟುದು ಹಿರೇಮಗಳೂರು ಎಂದು. “ನನಗೆ ಯಾವ ಊರು ಕೊಡುವಿರಿ?” ಎಂದು ನನ್ನ ಪುಟ್ಟ ಮಗಳು ಕೇಳಿದಳು. ಎಲ್ಲರೂ ನಕ್ಕೆವು.

ಎದುರಿನಿಂದ ಇಳಿದುಬರುತ್ತಿದ್ದ ಗಾಡಿಯೊಂದು ಕಿರಿದಾದ ತಿರುವಿನಲ್ಲಿ ನಿಂತು ನಮಗೆ ದಾರಿ ಬಿಟ್ಟಿತು. ಏರುವ ಗಾಡಿಗೆ ಇಳಿಯುವ ಗಾಡಿಯು ದಾರಿ ಬಿಡಬೇಕೆಂಬುದು ಘಟ್ಟದ ನಿಯಮವೆಂದು ನಮ್ಮ ಯಜಮಾನರು ಮಗನಿಗೆ ತಿಳಿಸಿದರು. ಆದರೆ ಮಗನಿಗೆ ಆಗಲೇ ತಲೆ ಸುತ್ತುತ್ತಿತ್ತು. ಗಾಡಿಯನ್ನು ನಿಲ್ಲಿಸಿ ನಿಂಬೆಹಣ್ಣು ಮೂಸಿಸಿ, ತಂಗಾಳಿಯಲ್ಲಿ ಸ್ವಲ್ಪ ನಡೆದಾಡಿಸಿದ ಬಳಿಕ ಸರಿಹೋದನು.

ಅಷ್ಟರಲ್ಲಿ ಮಂಜು ಕವಿಯಿತು. ಹತ್ತು ಮಾರು ಆಚೆಗೆ ಏನೂ ಕಾಣದು. ಅತ್ತೆಯವರು ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು. ಊರೂ ಇಲ್ಲ, ಕೆರೆಯೂ ಇಲ್ಲ. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಬಹಳ ಖೇದವಾಯಿತು.

ಹೊನ್ನಮ್ಮನ ಹಳ್ಳದ ನೀರನ್ನು ನೋಡಿಕೊಂಡು ಅತ್ತಿಗುಂಡಿಯ ಮೇಲಾಗಿ ಗಿರಿಯನ್ನು ಸೇರಿದೆವು. ದತ್ತಾತ್ರೇಯನೆಂದು ಹಿಂದೂಗಳೂ, ಬಾಬಾಬುಡನ್ ಎಂದು ಮುಸಲ್ಮಾನರೂ ನಡೆದುಕೊಳ್ಳುವ ಕ್ಷೇತ್ರವಿದು. ಬಾಬಾಬುಡನರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಕಾಫಿಯ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿ. ಮಾಣಿಕ್ಯಧಾರೆಗೆ ಮೆಟ್ಟಿಲಿಳಿದು ಹೋಗಬೇಕು. ಅತ್ತೆಯವರ ಮಂಡಿಗೆ ಅದು ಆಗದು. ಮಗನು ತಾನಾಗಿಯೇ ಚೊಂಬನ್ನು ತೆಗೆದುಕೊಂಡು ಹೋಗಿ ನೀರು ತಂದು ಅಜ್ಜಿಯ ಕೈಗೆ ಕೊಟ್ಟನು.

ಬಳಿಕ ಜಮಖಾನೆ ಹಾಸಿ ಬುತ್ತಿಯನ್ನು ಬಿಚ್ಚಿದೆವು. ಬಿಸಿ ಆರದ ಫ್ಲಾಸ್ಕಿನಿಂದ ಮೊದಲನೆಯ ಲೋಟ ಕಾಫಿಯನ್ನು ಅತ್ತೆಯವರಿಗೆ ಕೊಟ್ಟೆ. ಅವರು ವಾಡಿಕೆಯಂತೆ ಅದನ್ನು ಮಗನತ್ತ ಚಾಚಿದರು. “ಇಂದು ತಾವೇ ಮೊದಲು, ಅತ್ತೆ” ಎಂದೆ. ನಮ್ಮ ಮನೆಯಲ್ಲಿ ಪ್ರತಿದಿನ ಡಿಕಾಕ್ಷನ್ ಇಳಿಸಿ, ಎಲ್ಲರಿಗೂ ಕೊಟ್ಟು, ಉಳಿದುದನ್ನು ತಣ್ಣಗಾದ ಮೇಲೆ ಕುಡಿಯುವವರು ಅವರೇ. ಲೋಟವನ್ನು ಎರಡು ಕೈಯಲ್ಲಿ ಹಿಡಿದು, “ಎಷ್ಟು ಬಿಸಿಯಾಗಿದೆ!” ಎಂದರು.

ಮಧ್ಯಾಹ್ನ ಇಳಿಯುವಾಗ ಬಿಸಿಲೇರಿ ಮಂಜು ಸರಿದಿತ್ತು. ಒಂದೆಡೆ 1,930 ಮೀಟರ್ ಎತ್ತರದ, ಕರ್ಣಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ. ಕೆಳಗೆ ಬಯಲು, ಬಯಲಿನಲ್ಲಿ ಕೈಯಷ್ಟಗಲದ ನಮ್ಮ ಊರು. ವಿಶಾಲವಾದ ಸ್ಥಳದಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿದೆವು. ಅತ್ತೆಯವರು ಬಹಳ ಹೊತ್ತು ನೋಡಿ, “ಅಗೋ, ಆ ಕೆರೆಯ ಈಚೆಗೆ ನಮ್ಮ ಮನೆ” ಎಂದು ಬೆರಳು ತೋರಿದರು. ನಮಗಾರಿಗೂ ಮನೆ ಕಾಣಲಿಲ್ಲ. ಆದರೆ ಎಲ್ಲರೂ “ಹೌದು” ಎಂದೆವು.

ಮಗನು, “ಕುರಿಂಜಿ ಮತ್ತೆ ಯಾವಾಗ ಅಜ್ಜಿ?” ಎಂದನು. “2034 ರಲ್ಲಿ” ಎಂದು ನಮ್ಮ ಯಜಮಾನರು ಲೆಕ್ಕ ಹೇಳಿ ಸುಮ್ಮನಾದರು. ಅತ್ತೆಯವರು ನನ್ನ ಮಗಳ ತಲೆ ನೇವರಿಸಿ, “ಆಗ ನಿನಗೆ ಹನ್ನೆರಡು. ನನ್ನ ಕೈಹಿಡಿದು ಕರೆತರುವೆಯಂತೆ” ಎಂದರು.

ಈ ತಿಂಗಳಲ್ಲಿ ವಾಚಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ತಮ್ಮ ಮನೆಯ ಹಿರಿಯರ ಜನ್ಮದಿನವನ್ನು ಕೇಳಿ ಪಂಚಾಂಗದಲ್ಲಿ ಗುರುತುಮಾಡಿರಿ. ಅಂದು ಏನು ಮಾಡಬೇಕೆಂಬುದನ್ನು ಅವರನ್ನೇ ಕೇಳಿರಿ. “ನನಗೇನೂ ಬೇಡ” ಎಂದರೆ ಒಂದು ಸಲಕ್ಕೇ ನಂಬಬೇಡಿರಿ. ಎರಡನೆಯ ಸಲವೂ ಕೇಳಿರಿ.