ಹಿತ್ತಲಿನ ಮರಗೆಲಸದ ಮನೆ: ಯಂತ್ರಕ್ಕಿಂತ ಮೊದಲು ಲೆಕ್ಕ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರು ತೆಂಗಿನ ತೋಟಗಳ ನಡುವಿನ ಹೋಬಳಿ ಕೇಂದ್ರ. ಬೆಂಗಳೂರು–ಅರಸೀಕೆರೆ ರೈಲು ಮಾರ್ಗವು ಊರಿನ ಮೂಲಕವೇ ಹಾದುಹೋಗುತ್ತದೆ. 2023ರ ಫೆಬ್ರವರಿ 6ರಂದು ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಗೊಂಡಿತು. ಇಂತಹ ಊರಿನಲ್ಲಿ ಮರಗೆಲಸಕ್ಕೆ ಬೇಡಿಕೆ ಇಲ್ಲವೆಂದು ಹೇಳಲಾಗದು. ಆದರೂ ಬಾಗಿಲುವಾಡವನ್ನು ಕೂಡಿಸಲು, ಮುರಿದ ಮಂಚವನ್ನು ಸರಿಪಡಿಸಲು ಬಡಗಿಯನ್ನು ಹುಡುಕಬೇಕಾದ ಪರಿಸ್ಥಿತಿ ಗ್ರಾಮಾಂತರ ಪ್ರದೇಶಗಳಲ್ಲೆಲ್ಲ ಕಂಡುಬರುತ್ತಿದೆ. ಕೈಯಲ್ಲಿ ಕಸುಬಿದ್ದವರು ರಾಜಧಾನಿಯ ಒಳಾಂಗಣ ಗುತ್ತಿಗೆದಾರರ ಬಳಿ ಪ್ಲೈವುಡ್ ಜೋಡಿಸುವ ದಿನಗೂಲಿಗೆ ಹೋಗುತ್ತಿದ್ದಾರೆ. ಅಂಗಡಿಗಳಲ್ಲಿ ಪುಡಿಹಲಗೆಯ ಸಿದ್ಧ ಪೀಠೋಪಕರಣಗಳು ತುಂಬಿವೆ.

ಈ ಹಿನ್ನೆಲೆಯಲ್ಲಿ ಮನೆಯ ಹಿತ್ತಲಿನಲ್ಲಿಯೇ ಚಿಕ್ಕದೊಂದು ಮರಗೆಲಸದ ಮನೆಯನ್ನು ಹೂಡುವ ಆಸಕ್ತಿಯು ನಿವೃತ್ತರಲ್ಲಿಯೂ, ಕುಲಕಸುಬಿಗೆ ಮರಳಬಯಸುವ ಯುವಕರಲ್ಲಿಯೂ ಮೂಡಿದರೆ ಅದು ಸ್ವಾಗತಾರ್ಹವೇ ಸರಿ. ಆದರೆ ಹವ್ಯಾಸವು ವ್ಯಾಪಾರವಾಗಿ ಬದಲಾಗುವ ಹೊತ್ತಿಗೆ ಲೆಕ್ಕವು ಜೊತೆಗಿರದಿದ್ದರೆ ಕಸುಬೂ ಉಳಿಯದು, ಕೂಡಿಟ್ಟ ಹಣವೂ ಉಳಿಯದು. ಇಂತಹ ಉದ್ಯಮಗಳ ಸೋಲಿಗೆ ಕೈಚಳಕದ ಕೊರತೆಗಿಂತ ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟದಿರುವುದು ಹೆಚ್ಚಿನ ಕಾರಣವೆಂಬುದನ್ನು ಉದ್ಯಮಿಗಳೂ ಅವರಿಂದ ಸರಕು ಕೊಳ್ಳುವ ವರ್ತಕರೂ ಮನಗಾಣಬೇಕಾಗಿದೆ.

ಸ್ಥಳ ಮತ್ತು ಸಲಕರಣೆ

ಆರಂಭಕ್ಕೆ 10 ಅಡಿ ಅಗಲ, 15 ಅಡಿ ಉದ್ದದ ಸ್ಥಳವು ಸಾಕು. ಬೆಳಕು ಎಡಗಡೆಯಿಂದ ಬೀಳುವಂತೆ ಕಿಟಕಿ, ಎಂಟಡಿ ಹಲಗೆಯನ್ನು ತಿರುಗಿಸಲು ತಡೆಯಿಲ್ಲದ ಬಾಗಿಲು, ಮಳೆಯ ಎರಚಲು ತಾಗದ ಮಾಡು – ಇವು ಮೊದಲ ಅಗತ್ಯಗಳು. ಎಲ್ಲಕ್ಕಿಂತ ಮುಖ್ಯವಾದುದು ಅಲುಗಾಡದ, ಭಾರವಾದ ಕೆಲಸದ ಮೇಜು ಮತ್ತು ಅದಕ್ಕೆ ಬಿಗಿದ ಇಕ್ಕಳ. ಮೇಜು ಅಲುಗಿದರೆ ಎಷ್ಟೇ ಬೆಲೆಬಾಳುವ ಗರಗಸವೂ ನೇರವಾಗಿ ಸಾಗದು.

ಅಳತೆಪಟ್ಟಿ, ಮೂಲೆಮಟ್ಟ, ಎರಡು ಬಗೆಯ ಗರಗಸ, ಕೀಸುಳಿ, ನಾಲ್ಕು ಅಳತೆಯ ಉಳಿ, ಕೊಡತಿ, ಹಿಡಿಕೆಯ ಕ್ಲ್ಯಾಂಪುಗಳು ಹಾಗೂ ಸಾಣೆಕಲ್ಲು – ಇಷ್ಟರಿಂದ ಮೊದಲ ಆರು ತಿಂಗಳ ಕೆಲಸವು ನಡೆಯುತ್ತದೆ. ವಿದ್ಯುತ್ ಉಪಕರಣಗಳಲ್ಲಿ ಕೈಡ್ರಿಲ್ಲು ಮೊದಲನೆಯದಾಗಿರಲಿ. ಉಳಿದವುಗಳನ್ನು ಕೆಲಸವೇ ಕೇಳಿದಾಗ ಕೊಳ್ಳುವುದು ಲೇಸು. ವಾರಕ್ಕೊಮ್ಮೆಯೂ ಚಾಲನೆಗೆ ಬಾರದ ಯಂತ್ರವು ಆಸ್ತಿಯ ಪಟ್ಟಿಯಲ್ಲಿ ಕಾಣಿಸಿದರೂ ವಾಸ್ತವದಲ್ಲಿ ಅದು ಹೊರೆಯೇ ಆಗಿರುತ್ತದೆ.

ಮರದ ಆಯ್ಕೆ

ನಿಟ್ಟೂರಿನ ಸುತ್ತಲೂ ತೆಂಗು, ಹಲಸು, ಬೇವು, ಮಾವು, ಸಿಲ್ವರ್ ಓಕ್ ಮರಗಳಿಗೆ ಕೊರತೆಯಿಲ್ಲ. ಇದೇ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಣ್ಣು ಬಿಡುವುದು ನಿಂತ ಹಲಸಿನ ಮರವು ಹಳದಿ ಬಣ್ಣದ, ಕೆತ್ತನೆಗೆ ಒಗ್ಗುವ ಉತ್ತಮ ದಿಮ್ಮಿಯನ್ನು ನೀಡುತ್ತದೆ. ವಯಸ್ಸಾದ ತೆಂಗಿನ ಕಾಂಡದ ಹೊರಭಾಗವು ಗಟ್ಟಿ, ನಡುಭಾಗವು ಮೆದು. ಆದ್ದರಿಂದ ಹೊರಪದರದ ಹಲಗೆಯನ್ನಷ್ಟೇ ಭಾರ ಹೊರುವ ಭಾಗಗಳಿಗೆ ಬಳಸಬೇಕು. ತೆಂಗಿನ ಕಾಂಡದಲ್ಲಿ ಸಿಲಿಕಾ ಅಂಶವಿರುವುದರಿಂದ ಸಾಮಾನ್ಯ ಅಲಗು ಬೇಗನೆ ಮೊಂಡಾಗುತ್ತದೆ. ಕಾರ್ಬೈಡ್ ಹಲ್ಲಿನ ಅಲಗು ಬೇಕಾಗುತ್ತದೆ. ಈ ಹೆಚ್ಚುವರಿ ವೆಚ್ಚವನ್ನು ತೂಗದೆ ತೆಂಗಿನ ಮರವು ಅಗ್ಗವೆಂದು ತೀರ್ಮಾನಿಸುವುದು ಸರಿಯಲ್ಲ.

ಹಸಿ ಮರದಿಂದ ಮಾಡಿದ ವಸ್ತುವು ಗಿರಾಕಿಯ ಮನೆಯಲ್ಲಿ ಸೀಳು ಬಿಡುತ್ತದೆ, ಅದರೊಡನೆ ಹೆಸರೂ ಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವಂತೆ ರೀಪರ್ ಇಟ್ಟು ಅಟ್ಟಿ ಹಾಕಿದ ಹಲಗೆಗೆ ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗುವ ಕಾಲವೆಂಬುದು ಕಸುಬಿನವರ ಹಳೆಯ ಲೆಕ್ಕ. ಮನೆಯೊಳಗಿನ ಪೀಠೋಪಕರಣಕ್ಕೆ ತೇವಾಂಶವು ಶೇಕಡಾ 8ರಿಂದ 12ರಷ್ಟಿದ್ದರೆ ಒಳ್ಳೆಯದು. ಒಣಗಲು ಬಿಟ್ಟ ಮರವೆಂದರೆ ಕಟ್ಟಿಹಾಕಿದ ಬಂಡವಾಳ. ಅದರ ಬಡ್ಡಿಯೂ ವಸ್ತುವಿನ ಬೆಲೆಗೆ ಸೇರಲೇಬೇಕು.

ಒಂದು ತುರಿಯುವ ಮಣೆಯ ಲೆಕ್ಕ

ತೆಂಗಿನ ನಾಡಿನಲ್ಲಿ ಪ್ರತಿ ಅಡುಗೆಮನೆಗೂ ಬೇಕಾದ ತುರಿಯುವ ಮಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಹಾಳಾಗುವ ತುಂಡುಗಳೂ ಸೇರಿ ಮಣೆಯೊಂದಕ್ಕೆ 0.2 ಘನ ಅಡಿ ಹಲಸಿನ ಮರ, ಘನ ಅಡಿಗೆ 1,500 ರೂ. ಎಂದು ಭಾವಿಸಿದರೆ 300 ರೂ. ಆಗುತ್ತದೆ. ತುರಿಯುವ ಅಲಗಿಗೆ 150 ರೂ., ತಿರುಪು, ಅಂಟು, ಉಪ್ಪುಕಾಗದ, ಪಾಲಿಷ್‌ಗೆ 80 ರೂ., ವಿದ್ಯುತ್ ಹಾಗೂ ಸಾಣೆಗೆ 20 ರೂ. ಸೇರಿ ಒಟ್ಟು 550 ರೂ. ಮಾರಾಟದ ಬೆಲೆ 800 ರೂ. ಇದ್ದರೆ 250 ರೂ. ಲಾಭವೆಂದು ಹಿತ್ತಲಿನ ಉದ್ಯಮಿಯು ಸಂತೋಷಪಡುತ್ತಾನೆ.

ಆದರೆ ಈ ಲೆಕ್ಕದಲ್ಲಿ ಮೂರು ಬಾಬುಗಳು ಬಿಟ್ಟುಹೋಗಿವೆ. ಮೊದಲನೆಯದು ಸ್ವಂತ ದುಡಿಮೆ. ಮಣೆಗೆ ಮೂರು ಗಂಟೆ ಹಿಡಿದರೆ, ಬಡಗಿಯ ದಿನಗೂಲಿಯನ್ನು ಎಂಟು ಗಂಟೆಗೆ 800 ರೂ. ಎಂದು ಹಿಡಿದಾಗ, 300 ರೂ. ಆಗುತ್ತದೆ. ಎರಡನೆಯದು ಸವಕಳಿ. ಒಂದು ಲಕ್ಷ ರೂಪಾಯಿ ಸಲಕರಣೆಗೆ ಶೇಕಡಾ 15ರಂತೆ ಮೊದಲ ವರ್ಷ 15,000 ರೂ.; ವರ್ಷಕ್ಕೆ 300 ಮಣೆ ತಯಾರಾದರೆ ಮಣೆಗೆ 50 ರೂ. ಮೂರನೆಯದು ಬಂಡವಾಳದ ಮೇಲಿನ ಬಡ್ಡಿ. ಶೇಕಡಾ 10ರಂತೆ ವರ್ಷಕ್ಕೆ 10,000 ರೂ., ಮಣೆಗೆ ಸುಮಾರು 33 ರೂ. ಇವೆಲ್ಲ ಸೇರಿದಾಗ ಮಣೆಯ ನಿಜವಾದ ವೆಚ್ಚ 933 ರೂ. ಅಂದರೆ ಪ್ರತಿ ಮಣೆಗೆ 133 ರೂ.ನಂತೆ ವರ್ಷಕ್ಕೆ 39,900 ರೂ. ನಷ್ಟ. ಈ ನಷ್ಟವು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದನ್ನು ಭರಿಸುತ್ತಿರುವುದು ಉದ್ಯಮಿಯ ಬೆವರು. 800 ರೂ. ದಿನಗೂಲಿಗೆ ಅರ್ಹನಾದವನು ಮನೆಯಲ್ಲಿ ಸುಮಾರು 445 ರೂಪಾಯಿಗೆ ದುಡಿಯುತ್ತಿರುತ್ತಾನೆ.

ಪರಿಹಾರವು ಹೊಸ ಯಂತ್ರದಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಹತ್ತು ಮಣೆಗಳ ಭಾಗಗಳನ್ನು ಅಚ್ಚುಹಲಗೆ ಇಟ್ಟು ಒಮ್ಮೆಲೇ ಗುರುತಿಸಿ ಕತ್ತರಿಸಿದಾಗ ಮಣೆಯೊಂದಕ್ಕೆ ತಗಲುವ ಸಮಯವು ಎರಡು ಗಂಟೆಗೂ, ಮರವು 0.16 ಘನ ಅಡಿಗೂ ಇಳಿಯಿತೆಂದು ಭಾವಿಸಿದರೆ, ವೆಚ್ಚವು 773 ರೂ.ಗೆ ಇಳಿಯುತ್ತದೆ. ಅದೇ 800 ರೂಪಾಯಿ ಬೆಲೆಯಲ್ಲಿ ಪೂರ್ಣ ಕೂಲಿಯೂ ದೊರೆತು 27 ರೂ. ಉಳಿಯುತ್ತದೆ. ಚಿಕ್ಕ ಮೊತ್ತವಾದರೂ ಇದು ನಿಜವಾದ ಲಾಭ.

ಸಾಲದ ಸೆಳೆತ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕಸುಬೂ ಒಂದು. ಕುಟುಂಬದ ಒಬ್ಬರಿಗೆ ತರಬೇತಿ, ತರಬೇತಿಯ ದಿನಗಳಲ್ಲಿ ನಿತ್ಯ 500 ರೂ. ಭತ್ಯೆ, ಸಲಕರಣೆಗೆ 15,000 ರೂ. ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿನ ಒಂದು ಲಕ್ಷ ರೂಪಾಯಿ ಹಾಗೂ ಎರಡನೆಯ ಕಂತಿನ ಎರಡು ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿ ಸೇರಿವೆ. ಬಡ್ಡಿ ಕಡಿಮೆಯಾದುದರಿಂದ ಮೊದಲೇ ಯಂತ್ರ ಕೊಂಡುಬಿಡಬೇಕೆಂಬ ವಾದವು ಸಹಜವಾಗಿಯೇ ಕೇಳಿಬರುತ್ತದೆ.

ಆದರೆ ಒಂದು ಲಕ್ಷ ರೂಪಾಯಿಯನ್ನು 18 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,780 ರೂ. ಕಟ್ಟಬೇಕು. ತಿಂಗಳಿಗೆ 25 ಮಣೆಗಳನ್ನು ಮಾರುವವನಿಗೆ ಇದು ಮಣೆಗೆ 231 ರೂಪಾಯಿಯ ಹೊರೆ. ಹಿಂದೆ ಕಂಡ 250 ರೂಪಾಯಿಯ ‘ಲಾಭ’ವು ಬಹುಪಾಲು ಕಂತಿಗೇ ಸಂದುಹೋಗುತ್ತದೆ, ಮನೆಗೆ ಬರುವುದು ಮೂರು ಗಂಟೆಯ ದುಡಿಮೆಗೆ 19 ರೂ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತು ಅಗ್ಗದ ಸಾಲಕ್ಕೂ ಅನ್ವಯಿಸುತ್ತದೆ. ನೆರವಿನ ಸಲಕರಣೆಯಿಂದ ಆರಂಭಿಸಿ, ಕೈಯಲ್ಲಿ ಖಚಿತ ಬೇಡಿಕೆ ಬಂದ ಬಳಿಕವೇ ಸಾಲದತ್ತ ನೋಡುವುದು ವಿವೇಕದ ಮಾರ್ಗ.

ಕಾಯಿದೆಯ ಮೇರೆಗಳು

ಸ್ವಂತ ಬಳಕೆಯ ಕೆಲಸಕ್ಕೂ ಮಾರಾಟದ ತಯಾರಿಕೆಗೂ ಕಾಯಿದೆಯ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತು ಗೃಹಬಳಕೆಗೆ ಮೀಸಲಾದುದು. ಅದರಲ್ಲಿ ವ್ಯಾಪಾರದ ಯಂತ್ರವನ್ನು ಓಡಿಸಿ ಮುಂದೆ ದಂಡ ತೆರುವುದಕ್ಕಿಂತ ಬೆಸ್ಕಾಂನಿಂದ ಪ್ರತ್ಯೇಕ ಸಂಪರ್ಕವನ್ನು ಪಡೆಯುವುದು ಮೇಲು. ಯಂತ್ರ ಸ್ಥಾಪನೆಗೆ ಗ್ರಾಮ ಪಂಚಾಯಿತಿಯ ಅನುಮತಿಯನ್ನು ಕೇಳಬೇಕು. ದುಂಡುಮರವನ್ನು ಸೀಳುವ ಸಾಮಿಲ್‌ಗೆ ಅರಣ್ಯ ಇಲಾಖೆಯ ಪರವಾನಗಿ ಅವಶ್ಯಕ. ಆದುದರಿಂದ ಪರವಾನಗಿಯುಳ್ಳ ಸಾಮಿಲ್‌ನಲ್ಲಿ ಸೀಳಿಸಿ, ರಸೀದಿಯೊಡನೆ ಹಲಗೆ ತರುವುದೇ ಹಿತ್ತಲಿನ ಉದ್ಯಮಿಗೆ ಕ್ಷೇಮಕರ. ತೋಟದ ಮರವನ್ನೇ ಕಡಿಯುವುದಾದರೂ ಆ ಜಾತಿಯ ಮರಕ್ಕೆ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು.

ರಾಜ್ಯದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿಯು ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ಕೊಳ್ಳುವ ಹಲಗೆ, ಪ್ಲೈವುಡ್‌ಗಳ ಮೇಲೆ ತೆತ್ತ ತೆರಿಗೆಯು ಹಿಂದಿರುಗಿ ಬಾರದ ಕಾರಣ ಅದು ವೆಚ್ಚಕ್ಕೇ ಸೇರುತ್ತದೆ. ವೆಚ್ಚಪಟ್ಟಿಯಲ್ಲಿ ಮರದ ಬೆಲೆಯನ್ನು ತೆರಿಗೆ ಸಹಿತವಾಗಿಯೇ ಬರೆಯಬೇಕು. ಕೊಂಡದ್ದು, ಮಾಡಿದ್ದು, ಮಾರಿದ್ದು ಮತ್ತು ದುಡಿದ ಗಂಟೆಗಳು – ಈ ನಾಲ್ಕು ಕಲಮುಗಳ ಒಂದು ನೋಟುಪುಸ್ತಕವು ಉಳಿಯಷ್ಟೇ ಅಗತ್ಯವಾದ ಸಲಕರಣೆ.

ಸುರಕ್ಷತೆಯೂ ವೆಚ್ಚವೇ

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹಿತ್ತಲಿನ ಧೂಳು ಅಡುಗೆಮನೆಗೂ ಮಕ್ಕಳ ಕೋಣೆಗೂ ತಲುಪುತ್ತದೆ ಎಂಬುದನ್ನು ಮರೆಯಬಾರದು. ಧೂಳು ಹೀರುವ ಸಾಧನ, ಸರಿಯಾದ ಮುಖಗವಸು, ಕನ್ನಡಕ, ಭೂಸಂಪರ್ಕ ಹಾಗೂ ಸೋರಿಕೆ ವಿದ್ಯುತ್ತನ್ನು ತಡೆಯುವ ಸ್ವಿಚ್ಚು ಇಲ್ಲದೆ ಯಂತ್ರವನ್ನು ಹೂಡಬಾರದು. ವೃತ್ತಾಕಾರದ ಗರಗಸದ ರಕ್ಷಾಕವಚವನ್ನು ಕೆಲಸದ ಅವಸರದಲ್ಲಿ ಬಿಚ್ಚಿಡುವ ಅಭ್ಯಾಸವಂತೂ ಸಲ್ಲದು. ಒಂದು ಬೆರಳು ಹೋದರೆ ಕಸುಬೇ ಹೋದಂತೆ. ಮರದ ಪುಡಿ, ಪಾಲಿಷ್, ತಿನ್ನರ್ ಒಂದೇ ಮೂಲೆಯಲ್ಲಿದ್ದರೆ ಬೆಂಕಿಗೆ ಆಹ್ವಾನ ನೀಡಿದಂತಾಗುತ್ತದೆ.

ವರ್ತಕರ ಪಾತ್ರ

ಇದುವರೆಗಿನ ಮಾತು ಉದ್ಯಮಿಯ ಹೊಣೆಯದಾದರೆ, ಸರಕು ಕೊಳ್ಳುವ ಅಂಗಡಿಯವರ ಹೊಣೆಯೂ ಅಷ್ಟೇ ಇದೆ. ಹತ್ತು ಮಣೆ, ನಾಲ್ಕು ಸ್ಟೂಲುಗಳನ್ನು ತರಿಸಿಕೊಂಡು, ‘ಮಾರಿದ ಮೇಲೆ ನೋಡೋಣ’ ಎಂದು ತಿಂಗಳುಗಟ್ಟಲೆ ಹಣ ನಿಲ್ಲಿಸುವ ಪದ್ಧತಿಯು ಚಿಕ್ಕ ತಯಾರಕನ ಉಸಿರನ್ನೇ ನಿಲ್ಲಿಸುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. 2024-25ನೇ ತೆರಿಗೆ ನಿರ್ಧರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಸಲ್ಲದ ಮೊತ್ತವನ್ನು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಷ್ಟೇ ಖರ್ಚೆಂದು ಪರಿಗಣಿಸಲಾಗುತ್ತದೆ. ಈ ರಕ್ಷಣೆ ದೊರೆಯಬೇಕಾದರೆ ತಯಾರಕನು ಶುಲ್ಕವಿಲ್ಲದ ಉದ್ಯಮ್ ನೋಂದಣಿಯನ್ನು ಮಾಡಿಸಿರಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಹಿತ್ತಲಿನ ಬಡಗಿಯೂ ಮಾಡಿಸಬಹುದು.

ಇನ್ನು ಮನೆಮನೆಯಲ್ಲಿ ದೊಡ್ಡ ಯಂತ್ರಗಳನ್ನು ಹೂಡುವುದಕ್ಕಿಂತ ಗುಬ್ಬಿ ತಾಲ್ಲೂಕಿನಲ್ಲಿ ಒಂದು ಸಾಮಾನ್ಯ ಸೌಲಭ್ಯ ಕೇಂದ್ರವನ್ನು ತೆರೆಯುವುದು ಹೆಚ್ಚು ಉಪಯುಕ್ತ. ಹಲಗೆಯ ದಪ್ಪವನ್ನು ಸಮಗೊಳಿಸುವ ಯಂತ್ರ, ಮರ ಒಣಗಿಸುವ ಕೋಣೆ, ಧೂಳು ಹೀರುವ ವ್ಯವಸ್ಥೆ ಒಂದೆಡೆ ಇದ್ದು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆತರೆ ಕೂಡಿಸುವ, ನುಣುಪುಗೊಳಿಸುವ ಕೆಲಸವು ಮನೆಯಲ್ಲಿಯೇ ನಡೆಯಬಹುದು. ಇಂತಹ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ಸಣ್ಣ ಉದ್ಯಮ ಸಮೂಹ ಅಭಿವೃದ್ಧಿ ಕಾರ್ಯಕ್ರಮವೂ ರೂಪುಗೊಂಡಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತಾಂತ್ರಿಕ ಸಲಹೆಯನ್ನು ಪಡೆಯಲು ನಿಟ್ಟೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ಪ್ರಯಾಣ ಸಾಕು. ಒಬ್ಬೊಬ್ಬ ಬಡಗಿಯಿಂದ ಆಗದ ಈ ಕಾರ್ಯಕ್ಕೆ ವಾಣಿಜ್ಯ ಸಂಸ್ಥೆಗಳೂ ಯಂತ್ರೋಪಕರಣಗಳ ವರ್ತಕರೂ ಮುಂದಾಗಬೇಕು.

ಎರಡು ಸಲ ಅಳೆದು ಒಂದು ಸಲ ಕತ್ತರಿಸುವುದು ಒಳ್ಳೆಯ ಬಡಗಿಯ ಲಕ್ಷಣ. ಮರಕ್ಕೆ ತೋರುವ ಆ ಎಚ್ಚರವನ್ನು ಅವನು ತನ್ನ ಗಂಟೆಗಳಿಗೂ, ಅವನಿಂದ ಕೊಳ್ಳುವವರು ಅವನಿಗೆ ಸಲ್ಲಬೇಕಾದ ಹಣಕ್ಕೂ ತೋರಿದರೆ ನಿಟ್ಟೂರಿನ ಹಿತ್ತಲುಗಳಲ್ಲಿ ಉಳಿಯ ಸದ್ದು ನಿಲ್ಲದು. ಆಗ ಕಸುಬುಗಾರನು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವ ಅನಿವಾರ್ಯತೆಯೂ ತಪ್ಪುತ್ತದೆ.